ಹಳೆಯ ಮೋಟಾರಿನ ಪುನರುಜ್ಜೀವನದಲ್ಲಿ ಪಿಸ್ಟನ್ನಿನ ತೆರಪು

ಸಾಹಿತ್ಯ, ಶಾಸನ, ಜಾನಪದಗಳ ಚರ್ಚೆಗೆ ಮೀಸಲಾದ ಪತ್ರಿಕೆಯಲ್ಲಿ ಮೋಟಾರು ಎಂಜಿನಿನ ಒಳಗಿನ ಒಂದು ಸಂದಿನ ವಿಷಯವಾಗಿ ಬರೆಯಹೊರಡುವುದು ಸಾಹಸವೆಂಬುದನ್ನು ನಾನು ಬಲ್ಲೆ. ಆದರೆ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಲ್ಲಿ, ಕಟ್ಟಡದ ಹಿಂದಿನ ತಗಡಿನ ಮಾಡಿನ ಕೆಳಗೆ, ತಂದೆಯವರ ಕಾಲದ ಫಿಯಟ್ ಗಾಡಿಯನ್ನು ಮಾರಲೂ ಒಲ್ಲದೆ ಓಡಿಸಲೂ ಆಗದೆ ಇಟ್ಟುಕೊಂಡಿರುವವರು ಹಲವರುಂಟು. ಅಂಥವರಲ್ಲಿ ಕೆಲವರು ಈಚೆಗೆ ಆ ಎಂಜಿನುಗಳನ್ನು ಬಿಚ್ಚಿಸಿ ಹೊಸದಾಗಿ ಕಟ್ಟಿಸಲು ತೊಡಗಿದ್ದಾರೆ. ಕಟ್ಟಿಸಿದ ಎಂಜಿನು ಹತ್ತು ವರ್ಷ ಬಾಳುವುದೋ, ನೂರು ಕಿಲೋಮೀಟರಿಗೇ ಹಿಡಿದುಕೊಂಡು ನಿಲ್ಲುವುದೋ ಎಂಬುದು ಬಹುಮಟ್ಟಿಗೆ ಒಂದೇ ಒಂದು ಅಳತೆಯನ್ನು ಅವಲಂಬಿಸಿದೆ. ಸಿಲಿಂಡರಿನ ಒಳವ್ಯಾಸಕ್ಕೂ ಅದರೊಳಗೆ ಏರಿಳಿಯುವ ಪಿಸ್ಟನ್ನಿನ ಹೊರವ್ಯಾಸಕ್ಕೂ ಇರುವ ಅಂತರವೇ ಆ ಅಳತೆ.

ಇಂಗ್ಲಿಷಿನಲ್ಲಿ ಕ್ಲಿಯರೆನ್ಸ್ ಎನ್ನುವ ಇದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಸಂದು’ ಎಂದರೆ ಎರಡು ವಸ್ತುಗಳು ಕೂಡುವೆಡೆ ಅಥವಾ ಬಿರುಕು. ಅದರಲ್ಲಿ ದೋಷದ ಛಾಯೆ ಇದೆ. ‘ಅಂತರ’ವು ತೀರ ಸಾಮಾನ್ಯವಾದ ಮಾತು. ‘ತೆರಪು’ ಎಂಬ ಹಳೆಯ ಮಾತಿಗೆ ತೆರವಾದ ಜಾಗ, ಎಡೆ, ಬಿಡುವು ಎಂಬ ಅರ್ಥಗಳಿವೆ. ಒಂದು ವಸ್ತು ಚಲಿಸಲಿ ಎಂದು ಬೇಕೆಂದೇ ಬಿಟ್ಟ ಎಡೆಯನ್ನು ಇದು ಚೆನ್ನಾಗಿ ಸೂಚಿಸುವುದರಿಂದ ಈ ಲೇಖನದಲ್ಲಿ ತೆರಪು ಎಂದೇ ಬಳಸುತ್ತೇನೆ. ಪಿಸ್ಟನ್ನಿಗೆ ‘ಕೊಂತ’ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಇದೆಯಾದರೂ ಕಾರಖಾನೆಯಲ್ಲಿ ಹಾಗೆಂದರೆ ಯಾರೂ ತಿರುಗಿ ನೋಡಲಾರರು. ಆದಕಾರಣ ಉಳಿದ ಪದಗಳನ್ನು ಗ್ಯಾರೇಜಿನಲ್ಲಿ ಇರುವಂತೆಯೇ ಇಟ್ಟುಕೊಂಡಿದ್ದೇನೆ.

ವಿಷಯಕ್ಕೆ ಬರುವ ಮುನ್ನ, ಈ ಗಾಡಿಯು ಕನ್ನಡಿಗರಿಗೆ ತೀರ ಪರಕೀಯವಲ್ಲವೆಂಬುದನ್ನು ನೆನೆಯಬೇಕು. ಭಾರತದಲ್ಲಿ ಮೋಟಾರು ತಯಾರಿಸುವ ಕಾರ್ಖಾನೆ ಆಗಬೇಕೆಂದು 1930ರ ದಶಕದ ನಡುವಿನಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಯೋಜನೆ ಸಿದ್ಧಪಡಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಆ ಯೋಜನೆಯನ್ನು ಕೈಗೆತ್ತಿಕೊಂಡ ವಾಲಚಂದ ಹೀರಾಚಂದರು ಸರಕಾರದ ಅಡ್ಡಿಗಳನ್ನು ದಾಟಿ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. 1947ರಲ್ಲಿ ಕುರ್ಲಾ ಕಾರ್ಖಾನೆಯಿಂದ ಮೊದಲ ಗಾಡಿಗಳು ಹೊರಬಂದವು. ಮೊದಲು ಕ್ರೈಸ್ಲರ್ ಕಂಪನಿಯ ಗಾಡಿಗಳು, 1950ರ ದಶಕದಿಂದ ಇಟಲಿಯ ಫಿಯಟ್ ಗಾಡಿಗಳು ಅಲ್ಲಿ ಕೂಡಿದವು. ಫಿಯಟ್ 1100 ಎಂಬ ಮಾದರಿಯೇ ಮುಂದೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡು, ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ, ನಮ್ಮ ಕಣ್ಣಿಗೆ ಊರಿನ ಒಂದು ಅಂಗವೇ ಆಯಿತು. ಡೊಂಬಿವಲಿಯ ಬಳಿ ಇದೇ ಕಂಪನಿಯ ಇನ್ನೊಂದು ಕಾರ್ಖಾನೆ ಇದ್ದು, 1990ರ ದಶಕದಲ್ಲಿ ಅಲ್ಲಿ ಪ್ಯೂಜೋ 309 ಎಂಬ ಗಾಡಿ ಕೆಲಕಾಲ ತಯಾರಾಯಿತು. ಪದ್ಮಿನಿಯ ತಯಾರಿಕೆ 2001ರ ಹೊತ್ತಿಗೆ ನಿಂತಿತು. ಟ್ಯಾಕ್ಸಿಯಾಗಿ ಕೊನೆಯ ಪದ್ಮಿನಿ ತಾರ್‌ದೇವ್ ಕಚೇರಿಯಲ್ಲಿ ನೋಂದಣಿಯಾದುದು 2003ರ ಅಕ್ಟೋಬರಿನಲ್ಲಿ; ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿ ಇರುವುದರಿಂದ 2023ರ ಅಕ್ಟೋಬರಿನ ಕೊನೆಗೆ ಅದೂ ಬೀದಿಯಿಂದ ಮರೆಯಾಯಿತು.

ಇದನ್ನು ಹೇಳಿದುದಕ್ಕೆ ಕಾರಣ ಬರಿಯ ಅಭಿಮಾನವಲ್ಲ. ಈ ಎಂಜಿನಿನ ಸಿಲಿಂಡರ್ ಬ್ಲಾಕು ಇನ್ನೆಂದೂ ಎರಕವಾಗುವುದಿಲ್ಲ. ನಾಲ್ಕು ಸಿಲಿಂಡರುಗಳು, ಪ್ರತಿಯೊಂದರ ವ್ಯಾಸ 68 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್, ಒಟ್ಟು ಗಾತ್ರ 1089 ಘನ ಸೆಂಟಿಮೀಟರ್. ಸವೆದ ಸಿಲಿಂಡರನ್ನು ಕೊರೆದು ಹಿರಿದುಮಾಡಿ ಹೆಚ್ಚಿನ ಅಳತೆಯ ಪಿಸ್ಟನ್ ಹಾಕುವ ಕೆಲಸವನ್ನು ಕೆಲವೇ ಸಲ ಮಾಡಬಹುದು. 0.20, 0.40, 0.60 ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾ ಗೋಡೆ ತೆಳುವಾಗುತ್ತದೆ. ತೆರಪಿನ ಲೆಕ್ಕ ತಪ್ಪಿ ಎಂಜಿನು ಹಿಡಿದುಕೊಂಡರೆ ಒಂದು ಮೆಟ್ಟಿಲು ವ್ಯರ್ಥವಾಗಿ ಹೋದಂತೆ. ಹೋದ ಕಬ್ಬಿಣ ಮರಳಿ ಬರುವುದಿಲ್ಲ. ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಗಾಡಿಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿಯನ್ನು ಕೊಡತೊಡಗಿತು. ಗಾಡಿಯು ಮೂಲರೂಪದಲ್ಲಿರಬೇಕು, ಚಾಸಿಯಲ್ಲಾಗಲಿ ದೇಹದಲ್ಲಾಗಲಿ ಎಂಜಿನಿನಲ್ಲಾಗಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಬೇರೆ ಗಾಡಿಯ ಎಂಜಿನು ತಂದು ಕೂಡಿಸಿ ಕೈತೊಳೆದುಕೊಳ್ಳುವ ಹಳೆಯ ಉಪಾಯಕ್ಕೆ ಇದರಿಂದ ಬೆಲೆ ತಗ್ಗಿತು. ಇದ್ದ ಬ್ಲಾಕನ್ನು ಉಳಿಸಿಕೊಳ್ಳುವುದೇ ದಾರಿಯಾಯಿತು.

ಇನ್ನು ತೆರಪು ಏತಕ್ಕೆ ಬೇಕೆಂಬ ಪ್ರಶ್ನೆ. ಸಿಲಿಂಡರು ಬೀಡುಕಬ್ಬಿಣದ್ದು; ಪಿಸ್ಟನ್ನು ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಕಾದಾಗ ಎರಡೂ ಹಿಗ್ಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬೀಡುಕಬ್ಬಿಣವು ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 11 ಪಾಲು ಹಿಗ್ಗುತ್ತದೆ. ನೂರಕ್ಕೆ ಹನ್ನೆರಡರಷ್ಟು ಸಿಲಿಕಾನ್ ಬೆರೆತ ಅಲ್ಯೂಮಿನಿಯಮ್ ಸುಮಾರು 20 ಪಾಲು. ಸಾಲದುದಕ್ಕೆ ಸಿಲಿಂಡರಿನ ಹೊರಗೆ ನೀರು ಹರಿಯುತ್ತ ಅದನ್ನು ತಣಿಸುತ್ತಿರುತ್ತದೆ. ಪಿಸ್ಟನ್ನಿಗೆ ಆ ಭಾಗ್ಯವಿಲ್ಲ. ಅದು ಬೆಂಕಿಯನ್ನು ನೆತ್ತಿಯ ಮೇಲೆ ಹೊತ್ತು, ತನ್ನ ಕಾವನ್ನು ರಿಂಗುಗಳ ಮೂಲಕ ಗೋಡೆಗೆ ದಾಟಿಸಿ ಬದುಕಬೇಕು.

ಲೆಕ್ಕವನ್ನು ಒರಟಾಗಿ ಹಾಕಿ ನೋಡೋಣ. ನಿಂತ ಗಾಡಿಯಲ್ಲಿ ಎರಡೂ 30 ಡಿಗ್ರಿಯಲ್ಲಿವೆ ಎನ್ನೋಣ. ಓಡುವಾಗ ಸಿಲಿಂಡರಿನ ಗೋಡೆ 100 ಡಿಗ್ರಿಗೂ, ಪಿಸ್ಟನ್ನಿನ ಕೆಳಭಾಗ, ಅಂದರೆ ಗ್ಯಾರೇಜಿನವರು ಸ್ಕರ್ಟು ಎನ್ನುವ ಭಾಗ, 140 ಡಿಗ್ರಿಗೂ ಏರಿತೆನ್ನೋಣ. ಆಗ 68 ಮಿಲಿಮೀಟರ್ ವ್ಯಾಸದ ಸಿಲಿಂಡರು 0.05 ಮಿಲಿಮೀಟರಿನಷ್ಟು ಹಿಗ್ಗಿದರೆ, ಪಿಸ್ಟನ್ನು 0.15ರಷ್ಟು ಹಿಗ್ಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ 0.10 ಮಿಲಿಮೀಟರ್. ಎಂದರೆ ತಣ್ಣಗಿದ್ದಾಗ ಅಷ್ಟು ತೆರಪೂ, ಅದರ ಮೇಲೆ ಎಣ್ಣೆಯ ಪೊರೆಗೆ ಒಂದಿಷ್ಟೂ ಬಿಡದಿದ್ದರೆ ಪಿಸ್ಟನ್ನು ಗೋಡೆಗೆ ಕಚ್ಚಿಕೊಳ್ಳಬೇಕು. ಹಾಗೆಂದು ಧಾರಾಳವಾಗಿ ಬಿಟ್ಟರೆ, ತಣ್ಣನೆಯ ಎಂಜಿನಿನಲ್ಲಿ ಪಿಸ್ಟನ್ನು ಈ ಗೋಡೆಯಿಂದ ಆ ಗೋಡೆಗೆ ಬಡಿದು ತಾಳದಂತೆ ಸದ್ದು ಮಾಡುತ್ತದೆ, ರಿಂಗುಗಳು ಅದರೊಂದಿಗೆ ವಾಲಾಡಿ ಅಂಚು ಸವೆಯುತ್ತವೆ, ಎಣ್ಣೆ ಮೇಲೇರಿ ಸುಡುತ್ತದೆ, ಗಾಡಿಯ ಹಿಂದೆ ನೀಲಿ ಹೊಗೆ ಏಳುತ್ತದೆ. ಬಿಗಿಯೂ ಕೂಡದು, ಸಡಿಲವೂ ಕೂಡದು.

ಈ ತೊಡಕು ಅಲ್ಯೂಮಿನಿಯಮ್ ಪಿಸ್ಟನ್ನಿನೊಂದಿಗೇ ಹುಟ್ಟಿತು. ಮೊದಲ ಮೋಟಾರುಗಳ ಪಿಸ್ಟನ್ನುಗಳು ಬೀಡುಕಬ್ಬಿಣದವೇ. ಗೋಡೆಯೂ ಪಿಸ್ಟನ್ನೂ ಒಂದೇ ಲೋಹವಾದ್ದರಿಂದ ಹಿಗ್ಗುವಿಕೆಯಲ್ಲಿ ಹೆಚ್ಚಿನ ಜಗಳವಿರಲಿಲ್ಲ, ಆದರೆ ತೂಕ ಬಹಳ. 1913ರಲ್ಲಿ ಡಬ್ಲ್ಯು. ಓ. ಬೆಂಟ್ಲಿ ಎಂಬ ಇಂಗ್ಲಿಷ್ ಎಂಜಿನಿಯರು ತಾನು ಮಾರುತ್ತಿದ್ದ ಫ್ರೆಂಚ್ ಗಾಡಿಯ ಕಾರ್ಖಾನೆಗೆ ಹೋದಾಗ ಮೇಜಿನ ಮೇಲೆ ಅಲ್ಯೂಮಿನಿಯಮ್ಮಿನ ಒಂದು ಕಾಗದದ ಒತ್ತನ್ನು ಕಂಡು, ಇದೇ ಲೋಹದಲ್ಲಿ ಪಿಸ್ಟನ್ ಏಕಾಗಬಾರದೆಂದು ಯೋಚಿಸಿದನಂತೆ. ತಾಮ್ರ ಬೆರೆಸಿದ ಅಲ್ಯೂಮಿನಿಯಮ್ ಪಿಸ್ಟನ್ನುಗಳಿಂದ ಅವನ ಗಾಡಿ ಓಟದಲ್ಲಿ ಗೆದ್ದಿತು. ಮೊದಲನೆಯ ಮಹಾಯುದ್ಧದ ವಿಮಾನ ಎಂಜಿನುಗಳಿಗೆ ಆ ವಿದ್ಯೆ ದಾಟಿತು. ತೂಕ ಇಳಿಯಿತು, ವೇಗ ಏರಿತು. ಜೊತೆಗೆ ತೆರಪಿನ ಸಮಸ್ಯೆಯೂ ಬಂತು.

ಅದನ್ನು ಬಿಡಿಸಲು ಎಂಜಿನಿಯರುಗಳು ಹಿಡಿದ ದಾರಿಗಳು ಮೂರು ನಾಲ್ಕು. ಸ್ಕರ್ಟಿನಲ್ಲಿ ನೀಳವಾದ ಸೀಳನ್ನು ಬಿಡುವುದು ಒಂದು. ಕಾದಾಗ ಲೋಹವು ಹೊರಕ್ಕೆ ಹಿಗ್ಗುವ ಬದಲು ಸೀಳಿನೊಳಕ್ಕೆ ಹಿಗ್ಗಿ ಹೋಗುತ್ತದೆ. ಪಿಸ್ಟನ್ನಿನ ಒಳಗೆ ಉಕ್ಕಿನ ಪಟ್ಟಿಯನ್ನು ಎರಕದಲ್ಲೇ ಹುದುಗಿಸಿ ಹಿಗ್ಗನ್ನು ತಡೆಹಿಡಿಯುವುದು ಇನ್ನೊಂದು. 1920ರ ದಶಕದಲ್ಲಿ ಇದಕ್ಕೆ ಇನ್‌ವಾರ್ ಎಂಬ ಲೋಹವನ್ನೂ ಬಳಸಿದರು. ನಿಕ್ಕಲ್ ಬೆರೆತ ಈ ಉಕ್ಕು ಕಾದರೂ ಹಿಗ್ಗುವುದೇ ಇಲ್ಲವೆಂಬಷ್ಟು ಕಡಿಮೆ ಹಿಗ್ಗುತ್ತದೆ. ಇದನ್ನು 1896ರಲ್ಲಿ ಕಂಡುಹಿಡಿದ ಗಿಯೋಮ್ ಎಂಬ ವಿಜ್ಞಾನಿಗೆ 1920ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಮೂರನೆಯದು, ಪಿಸ್ಟನ್ನಿನ ಆಕಾರವನ್ನೇ ತಿದ್ದುವುದು. ಕಣ್ಣಿಗೆ ದುಂಡಗೆ ಕಾಣುವ ಪಿಸ್ಟನ್ನು ನಿಜವಾಗಿ ದುಂಡಗಿಲ್ಲ. ಕನೆಕ್ಟಿಂಗ್ ರಾಡನ್ನು ಹಿಡಿದಿರುವ ಪಿನ್ನಿನ ದಿಕ್ಕಿನಲ್ಲಿ ಅಡ್ಡಗಲ ಕಡಿಮೆ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಹೆಚ್ಚು, ಎಂದರೆ ಅಂಡಾಕಾರ. ಪಿನ್ನಿನ ಸುತ್ತ ಲೋಹ ದಪ್ಪಗಿದ್ದು ಅಲ್ಲಿ ಹೆಚ್ಚು ಹಿಗ್ಗುವುದರಿಂದ, ಕಾದ ಮೇಲೆ ಅದು ದುಂಡಗಾಗಲಿ ಎಂದು ಈ ಏರ್ಪಾಡು. ಹಾಗೆಯೇ ನೆತ್ತಿಯ ಬಳಿ ಕಿರಿದು, ಕೆಳಗೆ ಹಿರಿದು. ನೆತ್ತಿಯ ಉಷ್ಣತೆ 250 ಡಿಗ್ರಿಗೆ ಏರಿದರೆ ಅಲ್ಲಿ ಹಿಗ್ಗು 0.30 ಮಿಲಿಮೀಟರಿಗೆ ಹೋಗುವುದರಿಂದ ಅಲ್ಲಿ ಮೊದಲೇ ಅಷ್ಟು ಲೋಹವನ್ನು ತೆಗೆದಿರಬೇಕು.

ಈ ಉಪಾಯಗಳಿಂದಾಗಿ, ಮೇಲಿನ ಒರಟು ಲೆಕ್ಕ ಹೇಳುವುದಕ್ಕಿಂತ ಕಡಿಮೆ ತೆರಪಿನಲ್ಲೇ ಪಿಸ್ಟನ್ನು ಸುಖವಾಗಿ ಓಡಬಲ್ಲುದು. ಹಳೆಯ ಮಿಸ್ತ್ರಿಗಳು ಇಂಚಿನ ವ್ಯಾಸಕ್ಕೆ ಒಂದು ‘ಥೌ’, ಅಂದರೆ ಸಾವಿರದಲ್ಲಿ ಒಂದಂಶ, ಎಂಬ ಸೂತ್ರವನ್ನು ಹೇಳುತ್ತಿದ್ದರು. 68 ಮಿಲಿಮೀಟರೆಂದರೆ 2.68 ಇಂಚು, ಸೂತ್ರದ ಪ್ರಕಾರ 2.7 ಥೌ, ಸುಮಾರು 0.068 ಮಿಲಿಮೀಟರ್. ಒಂದು ಕೂದಲೆಳೆಯ ದಪ್ಪ. ಅದೂ ಎರಡು ಕಡೆಯದು ಕೂಡಿ; ಒಂದೊಂದು ಪಕ್ಕಕ್ಕೆ ಅರ್ಧ ಕೂದಲು. ಸೂತ್ರವು ತಪ್ಪಲ್ಲ, ಆದರೆ ಯಾವ ಪಿಸ್ಟನ್ನು ಎಂದು ಕೇಳದೆ ಅದು ಮಾತನಾಡುತ್ತದೆ. ಸೀಳುಳ್ಳ ಪಿಸ್ಟನ್ನಿಗೆ ಅದು ಸಡಿಲವಾದೀತು. ಬಡಿದು ರೂಪಿಸಿದ, ಸಿಲಿಕಾನ್ ಕಡಿಮೆಯಿರುವ ಪಿಸ್ಟನ್ನಿಗೆ ಬಿಗಿಯಾದೀತು. ದಶಲಕ್ಷಕ್ಕೆ 20ರ ಬದಲು 22.5 ಪಾಲು ಹಿಗ್ಗುವ ಮಿಶ್ರಲೋಹವನ್ನು ತೆಗೆದುಕೊಂಡರೆ, ಅದೇ 110 ಡಿಗ್ರಿಯ ಏರಿಕೆಯಲ್ಲಿ 0.02 ಮಿಲಿಮೀಟರಿನಷ್ಟು ಹೆಚ್ಚು ಹಿಗ್ಗು ಬರುತ್ತದೆ. ಕೂದಲೆಳೆಯಷ್ಟೇ ಇರುವ ಎಡೆಯಲ್ಲಿ ಇದು ಮೂರರಲ್ಲೊಂದು ಪಾಲು.

ಇಲ್ಲಿಯೇ ಈ ಲೇಖನದ ಮುಖ್ಯವಾದ ಮಾತು ಇರುವುದು. ತೆರಪಿನ ಅಂಕಿಯು ಗಾಡಿಗೆ ಸೇರಿದ್ದಲ್ಲ, ಪಿಸ್ಟನ್ನಿಗೆ ಸೇರಿದ್ದು. ಗಾಡಿಯ ಹಳೆಯ ಕೈಪಿಡಿಯಲ್ಲಿ ಅಚ್ಚಾದ ಅಂಕಿಯು ಆ ಕಾಲದಲ್ಲಿ ಆ ಕಾರ್ಖಾನೆ ಹಾಕುತ್ತಿದ್ದ ಪಿಸ್ಟನ್ನಿನ ಲೋಹ, ಆಕಾರ, ಸೀಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇಂದು ಅಂಗಡಿಯಲ್ಲಿ ಸಿಗುವುದು ಬೇರೆಯ ತಯಾರಕನ, ಬೇರೆಯ ಲೋಹದ, ಬೇರೆಯ ಆಕಾರದ ಪಿಸ್ಟನ್ನು. ಮದರಾಸಿನ ಇಂಡಿಯಾ ಪಿಸ್ಟನ್ಸ್, ಬೆಂಗಳೂರಿನ ಯಲಹಂಕದಲ್ಲಿ ಕಾರ್ಖಾನೆಯುಳ್ಳ ಗೊಯೆಟ್ಜೆ ಮೊದಲಾದವರು ದಶಕಗಳಿಂದ ಈ ದೇಶದ ಎಂಜಿನುಗಳಿಗೆ ಪಿಸ್ಟನ್ ಒದಗಿಸಿದ್ದಾರೆ. ಅವರವರ ಪೆಟ್ಟಿಗೆಯಲ್ಲಿ ಅವರವರ ಚೀಟಿ ಇರುತ್ತದೆ. ಆ ಚೀಟಿಯನ್ನು ಬಿಸಾಡಿ ಕೈಪಿಡಿಯನ್ನು ಹಿಡಿಯುವುದು, ಒಂದು ಹಸ್ತಪ್ರತಿಯ ಶುದ್ಧಾಶುದ್ಧ ಪತ್ರಿಕೆಯನ್ನು ಇನ್ನೊಂದು ಹಸ್ತಪ್ರತಿಗೆ ಅನ್ವಯಿಸಿದಂತೆ.

ಈ ಮಾತನ್ನು ನಾನು ಓದಿ ಕಲಿತದ್ದಲ್ಲ, ಕಳೆದುಕೊಂಡು ಕಲಿತದ್ದು. ತಂದೆಯವರು ಎರಡನೆಯ ಕೈಯಲ್ಲಿ ಕೊಂಡಿದ್ದ ಫಿಯಟ್ಟಿನ ಎಂಜಿನನ್ನು ಕೆಲವು ವರ್ಷಗಳ ಕೆಳಗೆ ಕಟ್ಟಿಸಿದೆ. ಬಿಚ್ಚಿದಾಗ ಹೊರಬಂದ ಹಳೆಯ ಪಿಸ್ಟನ್ನುಗಳ ಸ್ಕರ್ಟಿನಲ್ಲಿ ಸೀಳು ಇತ್ತು. ಹೊಸದಾಗಿ ತರಿಸಿದವು ಸೀಳಿಲ್ಲದ ಇಡೀ ಸ್ಕರ್ಟಿನವು. ಪಿಸ್ಟನ್ನುಗಳು ಬರುವ ಮೊದಲೇ, ಕೆಲಸ ಬೇಗ ಮುಗಿಯಲೆಂದು, ಪೆಟ್ಟಿಗೆಯ ಮೇಲೆ 0.40 ಎಂದು ಬರೆದಿರುತ್ತದೆಂಬ ಭರವಸೆಯಿಂದ ಸಿಲಿಂಡರುಗಳನ್ನು ಸರಿಯಾಗಿ 68.40ಕ್ಕೆ ಕೊರೆಸಲಾಯಿತು. ಬಂದ ಪಿಸ್ಟನ್ನುಗಳ ಅಳತೆ 68.365. ತೆರಪು 0.035 ಮಿಲಿಮೀಟರ್. ಸೀಳುಳ್ಳ ಹಳೆಯ ಪಿಸ್ಟನ್ನಿಗೆ ಅಷ್ಟು ಸಾಕೆಂದು ಮಿಸ್ತ್ರಿಯ ಬಳಿ ಇದ್ದ ಹಳೆಯ ಟಿಪ್ಪಣಿ ಹೇಳಿತು. ಹೊಸ ಪೆಟ್ಟಿಗೆಯೊಳಗಿನ ಚೀಟಿ ಕನಿಷ್ಠ 0.06 ಬೇಕೆಂದಿತ್ತು. ಚೀಟಿಯನ್ನು ನಾನು ಓದಿದ್ದು ಆಮೇಲೆ. ಏಪ್ರಿಲಿನ ಒಂದು ಮಧ್ಯಾಹ್ನ, ಕಲ್ಯಾಣದಿಂದ ಮುರಬಾಡ ಮಾರ್ಗವಾಗಿ ಹೋಗಿ ಮಾಳಶೇಜ್ ಘಟ್ಟ ಹತ್ತುತ್ತಿರುವಾಗ ಎಂಜಿನು ಮೊದಲು ಬಳಲಿತು, ಅನಂತರ ನರಳಿತು, ಅನಂತರ ನಿಂತಿತು. ತಣಿದ ಮೇಲೆ ಮತ್ತೆ ಹೊರಟಿತೆಂಬುದು ನಿಜ. ಆದರೆ ಆ ಹೊತ್ತಿಗೆ ಆಗಬೇಕಾದ ಹಾನಿ ಆಗಿತ್ತು.

ಬಿಚ್ಚಿ ನೋಡಿದಾಗ ಕಂಡ ಗುರುತುಗಳನ್ನು ಇಲ್ಲಿ ಹೇಳುವುದು ಉಪಯುಕ್ತ, ಏಕೆಂದರೆ ಹಿಡಿದುಕೊಂಡ ಪಿಸ್ಟನ್ನು ತನ್ನ ರೋಗವನ್ನು ತಾನೇ ಬರೆದಿಟ್ಟಿರುತ್ತದೆ. ಸ್ಕರ್ಟಿನ ಎರಡೂ ಮಗ್ಗುಲುಗಳಲ್ಲಿ, ಸುತ್ತಲೂ ಹಲವೆಡೆ, ಒಂದೇ ಬಗೆಯ ಹೊಳೆಯುವ ಒತ್ತಿದ ಕಲೆಗಳಿದ್ದರೆ ತೆರಪು ಸಾಲದೆಂದು ಅರ್ಥ. ಒಂದೇ ಮಗ್ಗುಲಲ್ಲಿ ಕಪ್ಪಗೆ, ಒರಟಾಗಿ ಗೀಚಿದಂತಿದ್ದರೆ ಎಣ್ಣೆ ಸಾಲದು. ಪಿನ್ನಿನ ಎಡಬಲಗಳಲ್ಲಿ ಓರೆಯಾಗಿ ನಾಲ್ಕು ಮೂಲೆಗಳಲ್ಲಿ ಕಚ್ಚಿದ್ದರೆ, ತಣ್ಣನೆಯ ಎಂಜಿನನ್ನು ಕೂಡಲೇ ಬಿರುಸಾಗಿ ಓಡಿಸಿದ್ದು ಅಥವಾ ಪಿನ್ನು ಬಿಗಿಯಾದದ್ದು ಕಾರಣವಿರಬಹುದು. ನಮ್ಮದು ಮೊದಲನೆಯ ಬಗೆ. ಎರಡು ಸಿಲಿಂಡರುಗಳ ಗೋಡೆ ಉಗುರಿಗೆ ತಾಕುವಷ್ಟು ಗೀರಿತ್ತು. ಇಪ್ಪತ್ತೈದು ಮೈಕ್ರಾನ್ ಕಡಿಮೆಯಾದುದಕ್ಕೆ 0.40ರ ಮೆಟ್ಟಿಲು ಹೋಯಿತು, ಉಳಿದದ್ದು 0.60.

ಎರಡನೆಯ ಸಲ ಕೆಲಸವನ್ನು ಮಾಡಿದವರು ಬೆಳಗಾವಿ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು. ಡೊಂಬಿವಲಿಯ ಔದ್ಯೋಗಿಕ ವಸಾಹತಿನ ಒಂದು ಚಿಕ್ಕ ಶೆಡ್ಡಿನಲ್ಲಿ ಬೋರಿಂಗ್ ಯಂತ್ರವೊಂದನ್ನು ಇಟ್ಟುಕೊಂಡವರು. ನಾನು ಬ್ಲಾಕನ್ನು ತಂದಿಳಿಸಿ, ಕೊರೆಯಲು ಶುರುಮಾಡಿರೆಂದಾಗ ಅವರು ಕೈಯಾಡಿಸಿ, “ಪಿಸ್ಟನ್ ಎಲ್ಲಿ ಅದಾವ್ರಿ ಸಾಹೇಬ್ರ? ಪಿಸ್ಟನ್ ಅಳದ ಮ್ಯಾಲ ಬೋರ್ ಕೊರೀಬೇಕ್ರಿ. ಬೋರ್ ಕೊರದ ಮ್ಯಾಲ ಪಿಸ್ಟನ್ ಹುಡುಕಬಾರದ್ರಿ” ಎಂದರು. ಅವರ ಮಾತಿನಂತೆ ಪಿಸ್ಟನ್ನುಗಳು ಬರುವವರೆಗೆ ಮೂರು ವಾರ ಬ್ಲಾಕು ಹಾಗೆಯೇ ಇತ್ತು.

ಅಳೆಯುವ ಸ್ಥಾನವೇ ಮೊದಲ ಪಾಠ. ಪಿಸ್ಟನ್ನು ಅಂಡಾಕಾರವಾಗಿಯೂ ಮೇಲೆ ಕಿರಿದಾಗಿಯೂ ಇರುವುದರಿಂದ, ಎಲ್ಲಿ ಮೈಕ್ರೋಮೀಟರ್ ಹಿಡಿದರೆ ಅಲ್ಲಿ ಒಂದೊಂದು ಅಂಕಿ ಬರುತ್ತದೆ. ಪಿನ್ನಿಗೆ ಲಂಬವಾಗಿ, ಸ್ಕರ್ಟಿನ ಕೆಳಭಾಗದಲ್ಲಿ, ತಯಾರಕನು ಹೇಳಿದ ಎತ್ತರದಲ್ಲಿ ಬರುವ ಗರಿಷ್ಠ ವ್ಯಾಸವೇ ಲೆಕ್ಕಕ್ಕೆ ಬರತಕ್ಕದ್ದು. ರಿಂಗಿನ ಕೆಳಗೆ ಅಳೆದರೆ ತೆರಪು ಬೇಕಾದಷ್ಟಿದೆ ಎಂಬ ಭ್ರಮೆ ಹುಟ್ಟುತ್ತದೆ. ಪೆಟ್ಟಿಗೆಯ ಮೇಲಿನ ಅಂಕಿಯ ವಿಷಯದಲ್ಲಿಯೂ ಮೋಸಹೋಗಬಾರದು. 0.60 ಎಂದರೆ ಸಿಲಿಂಡರು 68.60 ಆಗಬೇಕೆಂದೇ, ಅಥವಾ ಪಿಸ್ಟನ್ನೇ 68.60 ಇದೆಯೆಂದೇ? ಕೆಲವು ತಯಾರಕರು ತೆರಪನ್ನು ಮೊದಲೇ ಕಳೆದು ಪಿಸ್ಟನ್ ಮಾಡಿರುತ್ತಾರೆ, ಎಲ್ಲರೂ ಅಲ್ಲ. ಅಳೆಯದ ಹೊರತು ತಿಳಿಯದು. ನಮ್ಮ ನಾಲ್ಕು ಪಿಸ್ಟನ್ನುಗಳ ಅಳತೆ ಕ್ರಮವಾಗಿ 68.540, 68.545, 68.535, 68.540 ಬಂತು. ಇವಕ್ಕೆ 0.065ರ ತೆರಪು ಕೊಡಬೇಕೆಂದು ಚೀಟಿಯನ್ನೂ ಸೂತ್ರವನ್ನೂ ಒಟ್ಟಿಗಿಟ್ಟು ನೋಡಿ ತೀರ್ಮಾನಿಸಿದೆವು. ಹಾಗಾಗಿ ಸಿಲಿಂಡರುಗಳ ಗುರಿ 68.605, 68.610, 68.600, 68.605. ನಾಲ್ಕಕ್ಕೂ ಒಂದೇ ಅಳತೆ ಕೊರೆಯುವುದು ಸುಲಭ. ಒಂದೊಂದು ಪಿಸ್ಟನ್ನಿಗೂ ಅದರದರ ಸಿಲಿಂಡರನ್ನು ಗೊತ್ತುಮಾಡಿ, ನೆತ್ತಿಯ ಮೇಲೆ ಅಂಕಿ ಹಾಕಿ, ಹಾಗೆ ಕೊರೆಯುವುದು ಸರಿ.

ಅಳೆಯುವ ಹೊತ್ತು ಎರಡನೆಯ ಪಾಠ. ಜಗತ್ತಿನ ಅಳತೆಗಳೆಲ್ಲ 20 ಡಿಗ್ರಿ ಸೆಲ್ಸಿಯಸ್ಸನ್ನು ಪ್ರಮಾಣವಾಗಿ ಇಟ್ಟುಕೊಂಡಿವೆ. ಮೇ ತಿಂಗಳಲ್ಲಿ ಡೊಂಬಿವಲಿಯ ತಗಡಿನ ಶೆಡ್ಡಿನೊಳಗೆ 36 ಡಿಗ್ರಿ ಇದ್ದರೆ ಆಶ್ಚರ್ಯವಿಲ್ಲ. ಆ 16 ಡಿಗ್ರಿಗೆ ಪಿಸ್ಟನ್ನು 0.022 ಮಿಲಿಮೀಟರ್, ಸಿಲಿಂಡರು 0.012 ಮಿಲಿಮೀಟರ್ ಹಿಗ್ಗಿರುತ್ತವೆ. ಎರಡನ್ನೂ ಒಂದೇ ಉಷ್ಣತೆಯಲ್ಲಿ ಅಳೆದರೆ ತಪ್ಪು ನೂರರಲ್ಲೊಂದು ಮಿಲಿಮೀಟರಿಗೆ ನಿಲ್ಲುತ್ತದೆ. ಆದರೆ ರಾತ್ರಿಯೆಲ್ಲ ತಣಿದ ಬ್ಲಾಕನ್ನು ಬೆಳಗ್ಗೆ ಅಳೆದು, ಬಿಸಿಲಿನಲ್ಲಿ ಟೆಂಪೋದಲ್ಲಿ ಬಂದ ಪಿಸ್ಟನ್ನನ್ನು ಕೂಡಲೇ ಬಿಚ್ಚಿ ಅಳೆದರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ. ನಮ್ಮ ಮಿಸ್ತ್ರಿಯವರು ಪಿಸ್ಟನ್ನುಗಳನ್ನೂ ಮೈಕ್ರೋಮೀಟರನ್ನೂ ಸಂಜೆಯೇ ಬ್ಲಾಕಿನ ಮೇಲಿಟ್ಟು ಬಟ್ಟೆ ಮುಚ್ಚಿ ಹೋಗುತ್ತಿದ್ದರು; ಮರುದಿನ ಬೆಳಗ್ಗೆ ಸೂರ್ಯ ಏರುವ ಮುನ್ನ ಅಳೆಯುತ್ತಿದ್ದರು. ಉಷ್ಣತಾ ನಿಯಂತ್ರಣದ ಕೋಣೆ ಇಲ್ಲದವನಿಗೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಕಂಡಿಲ್ಲ.

ಸಿಲಿಂಡರನ್ನು ಅಳೆಯಲು ಡಯಲ್ ಬೋರ್ ಗೇಜು ಬೇಕು. ಮೇಲೆ, ನಡುವೆ, ಕೆಳಗೆ ಎಂದು ಮೂರು ಎತ್ತರಗಳಲ್ಲಿ, ಗಾಡಿಯ ಉದ್ದಕ್ಕೂ ಅಡ್ಡಕ್ಕೂ ಎರಡು ದಿಕ್ಕುಗಳಲ್ಲಿ, ಒಂದೊಂದು ಸಿಲಿಂಡರಿಗೂ ಆರು ಅಂಕಿಗಳನ್ನು ಬರೆದುಕೊಳ್ಳಬೇಕು. ಸವೆತವು ಸಾಮಾನ್ಯವಾಗಿ ಮೇಲಿನ ರಿಂಗು ತಿರುಗಿ ಇಳಿಯುವ ಎಡೆಯಲ್ಲಿ ಹೆಚ್ಚು, ಅದೂ ಪಿಸ್ಟನ್ನು ಒತ್ತುವ ಮಗ್ಗುಲಲ್ಲಿ.

ಕೊರೆಯುವ ಕೆಲಸವನ್ನು ಅಂತಿಮ ಅಳತೆಯವರೆಗೆ ಒಯ್ಯಬಾರದು. 0.04 ಮಿಲಿಮೀಟರಿನಷ್ಟನ್ನು ಹೋನಿಂಗಿಗೆ ಉಳಿಸಬೇಕು. ಹೋನಿಂಗೆಂದರೆ ಸಾಣೆಕಲ್ಲುಗಳನ್ನು ಸೀಮೆಎಣ್ಣೆಯಲ್ಲಿ ತೋಯಿಸುತ್ತ ಸಿಲಿಂಡರಿನೊಳಗೆ ತಿರುಗಿಸುತ್ತ ಏರಿಳಿಸುವುದು. ಇದರಿಂದ ಗೋಡೆಯ ಮೇಲೆ ಚಾಪೆಯ ಹೆಣಿಗೆಯಂತೆ ಓರೆಗೀರುಗಳು ಮೂಡಿ ಅವುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಸಿಲಿಂಡರ್ ಹೆಡ್ಡಿನ ಬೋಲ್ಟುಗಳನ್ನು ಬಿಗಿದಾಗ ಬ್ಲಾಕು ಎಳೆತಕ್ಕೆ ಸಿಕ್ಕಿ, ದುಂಡಗಿದ್ದ ಸಿಲಿಂಡರು ಒಂದಿಷ್ಟು ಸೊಟ್ಟಾಗುತ್ತದೆ. ಆದಕಾರಣ ಹೆಡ್ಡಿನ ಬದಲು ದಪ್ಪನೆಯ ಉಕ್ಕಿನ ಫಲಕವೊಂದನ್ನು ಅಷ್ಟೇ ಬಿಗಿಯಾಗಿ ಕೂಡಿಸಿ, ಸೊಟ್ಟಾದ ಸ್ಥಿತಿಯಲ್ಲಿಯೇ ಹೋನಿಂಗ್ ಮಾಡುವುದು ಲೇಸು. ತೆರಪು ಹೀಗೆ ಮೈಕ್ರಾನುಗಳಲ್ಲಿರುವಾಗ ಈ ಶ್ರಮ ಅತಿಯಲ್ಲ. ಬ್ಲಾಕಿಗೆ ಈಗಾಗಲೇ ತೋಳು, ಅಂದರೆ ಸ್ಲೀವು, ಹಾಕಬೇಕಾಗಿ ಬಂದಿದ್ದರೆ, ಅದನ್ನು ಒತ್ತಿ ಕೂರಿಸಿದ ಮೇಲೆಯೇ ಕೊರೆಯಬೇಕು. ಒತ್ತಡಕ್ಕೆ ಸಿಕ್ಕಿ ಅದರ ಒಳವ್ಯಾಸ ಕುಗ್ಗಿರುತ್ತದೆ.

ಹೋನಿಂಗ್ ಆದ ಮೇಲೆ ಸಿಲಿಂಡರನ್ನು ಬಿಸಿನೀರು ಸಾಬೂನುಗಳಿಂದ ತಿಕ್ಕಿ ತೊಳೆಯಬೇಕು. ಪೆಟ್ರೋಲಿನಿಂದ ಒರೆಸಿದರೆ ಸಾಣೆಯ ಹುಡಿ ಗೀರುಗಳೊಳಗೇ ಉಳಿಯುತ್ತದೆ. ಬಿಳಿಯ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಬರಬೇಕು. ಆ ಕೂಡಲೇ ಎಣ್ಣೆ ಸವರಬೇಕು, ಇಲ್ಲವಾದರೆ ಇಲ್ಲಿಯ ಮಳೆಗಾಲದ ಗಾಳಿಯಲ್ಲಿ ನೋಡುನೋಡುತ್ತಿದ್ದಂತೆಯೇ ತುಕ್ಕು ಏರುತ್ತದೆ.

ಗೇಜುಗಳಿಲ್ಲದ ಕಾಲದಲ್ಲಿ ತೆರಪನ್ನು ಪರೀಕ್ಷಿಸುತ್ತಿದ್ದ ರೀತಿ ಈಗಲೂ ಒಂದು ಒಳ್ಳೆಯ ಸಾಕ್ಷಿ. ಪಿಸ್ಟನ್ನಿಗೆ ರಿಂಗು ಹಾಕದೆ ಸಿಲಿಂಡರಿನೊಳಗೆ ಇಳಿಸಿ, ಒತ್ತುವ ಮಗ್ಗುಲಲ್ಲಿ ಅರ್ಧ ಇಂಚು ಅಗಲದ ತೆಳುವಾದ ಫೀಲರ್ ಪಟ್ಟಿಯನ್ನು ನೆಟ್ಟಗೆ ಇಟ್ಟು, ಅದರ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಮೇಲಕ್ಕೆ ಎಳೆಯುವುದು. ಎಷ್ಟು ಪೌಂಡಿಗೆ ಪಟ್ಟಿ ಜಾರಿ ಬರುತ್ತದೆಂಬುದೇ ಉತ್ತರ. ಹಲವು ಅಮೆರಿಕನ್ ಕೈಪಿಡಿಗಳು ಐದರಿಂದ ಹತ್ತು ಪೌಂಡಿನ ಎಳೆತವನ್ನು ಕೇಳುತ್ತಿದ್ದವು. ಅಂಕಿಯಲ್ಲಿ ಕಾಣದ ಸೊಟ್ಟು ಕೈಯ ಎಳೆತದಲ್ಲಿ ತಿಳಿಯುತ್ತದೆ. ನಮ್ಮ ಮೂರನೆಯ ಸಿಲಿಂಡರಿನ ಕೆಳಭಾಗದಲ್ಲಿ ಪಟ್ಟಿ ತಡೆದು ನಿಂತದ್ದರಿಂದ, ಗೇಜು ಸರಿಯಾಗಿದೆಯೆಂದರೂ ಮಿಸ್ತ್ರಿಯವರು ಇನ್ನೊಮ್ಮೆ ಸಾಣೆ ಇಳಿಸಿದರು.

ರಿಂಗಿನ ಬಾಯಿಯ ಎಡೆಯನ್ನೂ ಇದೇ ವೇಳೆ ನೋಡಬೇಕು. ರಿಂಗೂ ಕಾದು ಹಿಗ್ಗುತ್ತದೆ; ಬಾಯಿ ಮುಚ್ಚಿಕೊಂಡರೆ ಗೋಡೆಯನ್ನು ಕೆರೆಯುತ್ತದೆ. ಇಂಚಿಗೆ ಮೂರು ನಾಲ್ಕು ಥೌ ಎಂಬ ಲೆಕ್ಕದಲ್ಲಿ ಈ ಎಂಜಿನಿಗೆ 0.20ರಿಂದ 0.27 ಮಿಲಿಮೀಟರ್. ಸಿಲಿಂಡರಿನ ವ್ಯಾಸ 0.10 ಹೆಚ್ಚಾದರೆ ಬಾಯಿ 0.31ರಷ್ಟು ಹೆಚ್ಚು ತೆರೆದುಕೊಳ್ಳುತ್ತದೆಂಬುದನ್ನು, ವೃತ್ತದ ಪರಿಧಿಯ ಸೂತ್ರ ನೆನಪಿರುವವರು ಕೂಡಲೇ ಒಪ್ಪುವರು. ಹಳೆಯ ಸವೆದ ಸಿಲಿಂಡರಿಗೆ ಹೊಸ ರಿಂಗು ಮಾತ್ರ ಹಾಕಿ ಹೊಗೆ ನಿಲ್ಲುವುದೆಂದು ಕಾಯುವವರಿಗೆ ಇದರಲ್ಲಿ ಉತ್ತರವಿದೆ.

ಕೂಡಿಸುವಾಗ ಪಿಸ್ಟನ್ನಿನ ನೆತ್ತಿಯ ಮೇಲಿನ ಬಾಣದ ಗುರುತು ಗಾಡಿಯ ಮುಂಭಾಗಕ್ಕೆ ಇರಬೇಕು. ಕೂಡಿಸಿದ ಮೇಲಿನ ಮೊದಲ ಸಾವಿರ ಕಿಲೋಮೀಟರುಗಳು ಪರೀಕ್ಷೆಯ ಕಾಲ. ನಮ್ಮ ಕಡೆ ವೇಗವಾಗಿ ಓಡಿಸುವ ಭಯಕ್ಕಿಂತ ನಿಂತು ಕಾಯುವ ಭಯ ಹೆಚ್ಚು. ಕಲ್ಯಾಣ-ಶಿಲ್ ರಸ್ತೆಯಲ್ಲಾಗಲಿ ಠಾಣೆಯ ಘೋಡಬಂದರ್ ರಸ್ತೆಯಲ್ಲಾಗಲಿ ಸಂಜೆ ಸಿಕ್ಕಿಬಿದ್ದರೆ, ರೇಡಿಯೇಟರಿಗೆ ಗಾಳಿಯಿಲ್ಲದೆ, ಮೆಲ್ಲನೆ ತಿರುಗುವ ಎಂಜಿನಿನ ಪಂಖದಿಂದ ಸಾಕಷ್ಟು ತಂಪು ಸಿಗದೆ, ಕಾವು ಮುಳ್ಳಿನ ಕೆಂಪು ಗೆರೆಯತ್ತ ಸರಿಯುತ್ತದೆ. ಆದಕಾರಣ ನಾವು ಬೆಳಗಿನ ಐದು ಗಂಟೆಗೆ ಹೊರಟು, ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯಲ್ಲಿ ಗಂಟೆಗೆ ಐವತ್ತಕ್ಕೆ ಮೀರದಂತೆ, ಆದರೆ ಒಂದೇ ವೇಗದಲ್ಲಿಯೂ ನಿಲ್ಲದಂತೆ, ಏರಿಸುತ್ತ ಇಳಿಸುತ್ತ ಓಡಿಸಿದೆವು. ಐನೂರು ಕಿಲೋಮೀಟರಿಗೆ ಎಣ್ಣೆ ಬದಲಿಸಿ, ತೆಗೆದ ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಹೊಯ್ದು ನೋಡಿದೆವು. ಅಲ್ಯೂಮಿನಿಯಮ್ಮಿನ ಮಿನುಗು ಕಾಣಲಿಲ್ಲ. ಸಾವಿರಕ್ಕೆ ಹೆಡ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ನಾಲ್ಕು ಸಿಲಿಂಡರುಗಳ ಒತ್ತಡವನ್ನೂ ಅಳೆದಾಗ ಒಂದಕ್ಕೊಂದು ಹೆಚ್ಚು ವ್ಯತ್ಯಾಸವಿರಲಿಲ್ಲ. ಅದಾದ ಮರುವಾರ, ಈ ಸಲ ಮುಂಜಾವಿನಲ್ಲಿ ಹೊರಟು, ಮಾಳಶೇಜ್ ಘಟ್ಟವನ್ನು ಹತ್ತಿ ಇಳಿದು ಬಂದೆವು.